ಮೇಷ್ಟ್ರ ದವಡೆಯ ಅಳತೆ

ಮೇಷ್ಟ್ರು ನಮ್ಮ ದಂತ ಕ್ಲಿನಿಕ್ಕಿನ ನನ್ನ ಕೋಣೆಗೆ ಬಂದಾಗ ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಇಡೀ ದವಡೆಯ ಎಕ್ಸ್‌ರೇ ಫಿಲ್ಮು (ಒಪಿಜಿ) ಮತ್ತು ಬೇರೊಂದು ಕ್ಲಿನಿಕ್ಕಿನ ಚೀಟಿ ಇತ್ತು. ವಯಸ್ಸು 61, ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೆಳದವಡೆಯ ಎಡಭಾಗದ ಎರಡು ದವಡೆ ಹಲ್ಲುಗಳನ್ನು ತೆಗೆಸಿ ಆರು ವರ್ಷವಾಗಿತ್ತು. ಚೀಟಿಯಲ್ಲಿ ಎರಡು ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಮೂಳೆಯಲ್ಲಿ ಕೂರಿಸುವ ಲೋಹದ ತಿರುಪು), ಉದ್ದ 11.5 ಮಿ.ಮೀ., ಅದೇ ವಾರ ಹಾಕುವುದೆಂದು ಬರೆದಿತ್ತು. ಜೊತೆಗೆ ಬಂದ ಮಗಳಿಗೆ ಬೇಗ ಮುಗಿದರೆ ಸಾಕಿತ್ತು. ಮೇಷ್ಟ್ರು ಮಾತ್ರ ಬಾಯಿ ಬಿಡಲಿಲ್ಲ.

ಮಗಳನ್ನು ಹೊರಗೆ ಕೂರಿಸಿ ಮಾತನಾಡಿಸಿದಾಗ ಎರಡು ಭಯಗಳು ಹೊರಬಿದ್ದವು. ಅವರ ಹಳೆಯ ಸಹೋದ್ಯೋಗಿಯೊಬ್ಬರಿಗೆ ಇಂಪ್ಲಾಂಟ್ ಹಾಕಿಸಿದ ಮೇಲೆ ಕೆಳತುಟಿಯ ಒಂದು ಬದಿ ಜೋಮು ಹಿಡಿದದ್ದು ಇನ್ನೂ ಬಿಟ್ಟಿಲ್ಲವಂತೆ. ‘ಕಾಫಿ ಕುಡಿದರೆ ತುಟಿಯಿಂದ ಸೋರುವುದು ಅವರಿಗೇ ತಿಳಿಯುವುದಿಲ್ಲಮ್ಮ’ ಎಂದರು. ಇನ್ನೊಂದನ್ನು ಹೇಳಲು ಸಂಕೋಚಪಟ್ಟರು. ಹಿಂದೆ ಹಲ್ಲಿನ ಅಚ್ಚು ತೆಗೆಯುವಾಗ ವಾಕರಿಕೆ ಬಂದು, ಎಲ್ಲರ ಮುಂದೆ ವಾಂತಿಯಾಗಿತ್ತು. ನಾಲ್ಕು ದಶಕ ತರಗತಿಯ ಮುಂದೆ ನೆಟ್ಟಗೆ ನಿಂತವರಿಗೆ ಆ ಅವಮಾನ ಮರೆಯಲಾಗಿರಲಿಲ್ಲ. ಆರು ವರ್ಷ ಒಂದೇ ಬದಿಯಲ್ಲಿ ಅಗಿದದ್ದಕ್ಕೆ ಹಣಕ್ಕಿಂತ ಇದೇ ದೊಡ್ಡ ಕಾರಣ ಎಂದು ನನಗನಿಸಿತು.

ತುಟಿಯ ಭಯವನ್ನು ‘ಏನೂ ಆಗುವುದಿಲ್ಲ, ಧೈರ್ಯವಾಗಿರಿ’ ಎಂಬ ಮಾತಿನಿಂದ ಅಳಿಸುವುದನ್ನು ನಾನು ಒಪ್ಪುವುದಿಲ್ಲ. ಆ ಭಯಕ್ಕೆ ಆಧಾರವಿದೆ. ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆಯಿದೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುವ ನರ ಅದರಲ್ಲಿ ಹರಿಯುತ್ತದೆ. ಮೂಳೆ ಕೊರೆಯುವಾಗ ಡ್ರಿಲ್ ಅಥವಾ ಇಂಪ್ಲಾಂಟ್ ಅದಕ್ಕೆ ತಾಗಿದರೆ, ಒತ್ತಿದರೆ ಜೋಮು ಹಿಡಿಯಬಹುದು. ಆದ್ದರಿಂದ ಇಂಪ್ಲಾಂಟಿನ ತುದಿಗೂ ಕಾಲುವೆಗೂ ನಡುವೆ ಕನಿಷ್ಠ 2 ಮಿ.ಮೀ. ಅಂತರ ಬಿಡುವುದು ವಾಡಿಕೆ. ಮೇಷ್ಟ್ರ ದವಡೆಯಲ್ಲಿ ಅಷ್ಟು ಜಾಗವಿದೆಯೇ ಎಂಬುದೇ ಪ್ರಶ್ನೆ, ಅವರ ಕೈಯಲ್ಲಿದ್ದ ಫಿಲ್ಮು ಅದಕ್ಕೆ ಉತ್ತರ ಕೊಡುವಂತಿರಲಿಲ್ಲ. ಒಪಿಜಿ ಇಡೀ ದವಡೆಯನ್ನು ಚಪ್ಪಟೆಯಾಗಿ ಹರಡಿ ತೋರಿಸುತ್ತದೆ. ಅದರಲ್ಲಿ ಅಳತೆ ನಿಜಕ್ಕಿಂತ ಹಿಗ್ಗಿರುತ್ತದೆ, ಮೂಳೆಯ ದಪ್ಪವಂತೂ ಕಾಣುವುದೇ ಇಲ್ಲ.

ನಮ್ಮ ವೈದ್ಯರು ಆ ಭಾಗಕ್ಕಷ್ಟೇ ಸೀಮಿತವಾದ ಸಿಬಿಸಿಟಿ ಸ್ಕ್ಯಾನ್ ಬರೆದುಕೊಟ್ಟರು. ಯಂತ್ರ ತಲೆಯ ಸುತ್ತ ಒಮ್ಮೆ ಸುತ್ತಿ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಮಗಳು ವಿಕಿರಣದ ಬಗ್ಗೆ ಕೇಳಿದರು, ಕೇಳಬೇಕಾದದ್ದೇ. ಸಣ್ಣ ಭಾಗದ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಹತ್ತಾರು ಮೈಕ್ರೋಸೀವರ್ಟ್ ತಗಲುತ್ತದೆ. ಪ್ರಕೃತಿಯಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ತಗಲುತ್ತದೆ. ಹಾಗೆಂದು ಕಾರಣವಿಲ್ಲದೆ ಮಾಡಿಸುವಂಥದ್ದಲ್ಲ. ಮೇಷ್ಟ್ರ ವಿಷಯದಲ್ಲಿ ಕಾರಣ ಗಟ್ಟಿಯಾಗಿತ್ತು.

ಅಚ್ಚಿನ ಪ್ರಶ್ನೆ ಇನ್ನೂ ಸುಲಭವಾಗಿ ಬಗೆಹರಿಯಿತು. ದಪ್ಪ ಪೆನ್ನಿನಂತಹ ಸ್ಕ್ಯಾನರನ್ನು ಬಾಯೊಳಗೆ ಆಡಿಸುತ್ತಾ ಹೋದಂತೆ ಹಲ್ಲು, ಒಸಡುಗಳ ಆಕಾರ ಪರದೆಯ ಮೇಲೆ ಮೂಡುತ್ತಿತ್ತು. ಅಂಟುಮುದ್ದೆಯ ತಟ್ಟೆ ಬಾಯಿಗೆ ಹೋಗಲೇ ಇಲ್ಲ. ನಡುವೆ ಎರಡು ಬಾರಿ ನಿಲ್ಲಿಸಿದರು, ಉಸಿರೆಳೆದುಕೊಂಡರು, ಮತ್ತೆ ಬಾಯಿ ತೆರೆದರು. ಬೇಕೆಂದಾಗ ನಿಲ್ಲಿಸಬಹುದು ಎಂದು ಗೊತ್ತಾದದ್ದೇ ಅವರಿಗೆ ದೊಡ್ಡ ಸಮಾಧಾನ.

ಎರಡೂ ಸ್ಕ್ಯಾನ್‌ಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದ ದಿನ ಮೇಷ್ಟ್ರನ್ನೂ ಪರದೆಯ ಮುಂದೆ ಕೂರಿಸಬೇಕೆಂದು ನಾನು ವೈದ್ಯರಲ್ಲಿ ಒತ್ತಾಯಿಸಿದೆ. ಮೊದಲು ಬರಬೇಕಾದ ಹಲ್ಲನ್ನು ಅದರ ಜಾಗದಲ್ಲಿ, ಮೇಲಿನ ಹಲ್ಲಿಗೆ ಸರಿಯಾಗಿ ಕೂಡುವಂತೆ ಚಿತ್ರಿಸಿದರು. ಆಮೇಲೆ ಅದರ ಕೆಳಗೆ ಇಂಪ್ಲಾಂಟ್ ಎಲ್ಲಿ, ಯಾವ ಓರೆಯಲ್ಲಿ ನಿಲ್ಲಬೇಕೆಂದು ಹುಡುಕಿದರು. ಕಾಲುವೆಯನ್ನು ಕಿತ್ತಳೆ ಬಣ್ಣದಲ್ಲಿ ಗುರುತಿಸಿದ್ದರು. ದವಡೆಯನ್ನು ಬ್ರೆಡ್ಡಿನ ಹೋಳಿನಂತೆ ಅಡ್ಡಲಾಗಿ ಸೀಳಿ ತೋರಿಸಿದಾಗ ಮೊದಲ ದವಡೆ ಹಲ್ಲಿನ ಜಾಗದಲ್ಲಿ ಮೂಳೆಯ ಮೇಲ್ತುದಿಯಿಂದ ಕಾಲುವೆಗೆ 11.8 ಮಿ.ಮೀ., ಅಗಲ 7.2 ಮಿ.ಮೀ. ಇತ್ತು. ಹಳೆಯ ಫಿಲ್ಮಿನಲ್ಲಿ ಅದೇ ಎತ್ತರ ಸುಮಾರು 15 ಎಂದು ಅಳತೆಯಾಗಿತ್ತು.

ಚೀಟಿಯ 11.5ನ್ನು 11.8ರಲ್ಲಿ ಇಟ್ಟರೆ ಉಳಿಯುವುದು 0.3. ಲೆಕ್ಕವನ್ನು ಮೇಷ್ಟ್ರೇ ಮಾಡಿ ಮಗಳ ಮುಖ ನೋಡಿದರು.

ಎರಡನೆಯ ಜಾಗದಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿ ನಾಲಿಗೆಯ ಕಡೆಗೆ ಮೂಳೆ ಒಳಸರಿದು ಗುಳಿಯಾಗಿತ್ತು. ನೇರವಾಗಿ ಕೊರೆದರೆ ಡ್ರಿಲ್ ಮೂಳೆಯ ಗೋಡೆ ದಾಟಿ ನಾಲಿಗೆಯ ಕೆಳಗಿನ ರಕ್ತನಾಳಗಳ ಕಡೆ ಹೋಗುವ ಅಪಾಯ. ಬಾಯಿಯ ಸ್ಕ್ಯಾನ್ ಮತ್ತೊಂದು ಸಂಗತಿ ಹೇಳಿತು: ಅದಕ್ಕೆ ಎದುರಾಗಿ ಮೇಲೆ ಹಲ್ಲೇ ಇರಲಿಲ್ಲ. ಎದುರಿಲ್ಲದ ಹಲ್ಲು ಅಗಿಯುವುದೇನನ್ನು? ಎರಡನೆಯ ಇಂಪ್ಲಾಂಟನ್ನು ವೈದ್ಯರು ಕೈಬಿಟ್ಟರು. ಸ್ಕ್ಯಾನ್ ಎಂದರೆ ಬಿಲ್ ಏರಿಸುವ ದಾರಿ ಎಂದು ಅನುಮಾನಿಸುವವರಿಗೆ ನಾನು ಈ ಪ್ರಕರಣವನ್ನು ಹೇಳುತ್ತೇನೆ.

ಮೊದಲನೆಯದಕ್ಕೆ 4.2 ಮಿ.ಮೀ. ವ್ಯಾಸ, 8 ಮಿ.ಮೀ. ಉದ್ದದ್ದನ್ನು ಆರಿಸಿದರು. 10 ಹಾಕಿದರೆ ನರಕ್ಕೆ 1.8 ಉಳಿಯುತ್ತಿತ್ತು, 8ಕ್ಕೆ 3.8. ಎರಡೂ ಪಕ್ಕದಲ್ಲಿ ಒಂದೂವರೆ ಮಿ.ಮೀ. ಮೂಳೆ. ಈ ಯೋಜನೆಯಂತೆಯೇ ಡ್ರಿಲ್ ಸಾಗಲೆಂದು ಹಲ್ಲುಗಳ ಮೇಲೆ ಕೂರುವ ಸರ್ಜಿಕಲ್ ಗೈಡನ್ನು ತ್ರಿಡಿ ಪ್ರಿಂಟರಿನಲ್ಲಿ ಮಾಡಿಸುವುದೆಂದಾಯಿತು.

ಮಗಳು ಕೂಡಲೇ ದಿನಾಂಕ ಕೇಳಿದರು. ನಾನು ತಡೆದೆ. ಮೇಷ್ಟ್ರಿಗೆ ಮಧುಮೇಹವಿತ್ತು; ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ 8.6ರಷ್ಟು ಹೆಚ್ಚಿತ್ತು, ಊಟದ ನಂತರ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವೂ ಇತ್ತು. ಮೂಳೆಯ ಆಕಾರವನ್ನು ಸ್ಕ್ಯಾನ್ ತೋರಿಸುತ್ತದೆ. ಆ ಮೂಳೆ ಇಂಪ್ಲಾಂಟಿನ ಟೈಟಾನಿಯಮ್ಮನ್ನು ಹಿಡಿದುಕೊಂಡು ಬೆಸೆಯುತ್ತದೆಯೇ ಎಂಬುದು ಸಕ್ಕರೆಯ ಹತೋಟಿಯ ಮೇಲೂ ನಿಂತಿದೆ. ಮಧುಮೇಹದ ವೈದ್ಯರನ್ನು ಕಂಡು ಮೂರು ತಿಂಗಳು ಔಷಧ, ಊಟ, ನಡಿಗೆ ಸರಿಪಡಿಸಿಕೊಳ್ಳಲು ಹೇಳಿದೆ. ಹೊಗೆಸೊಪ್ಪನ್ನು ಬಿಡಲೇಬೇಕು ಎಂದೆ, ಇಂಪ್ಲಾಂಟ್ ಹಾಕಿಸದಿದ್ದರೂ ಬಿಡಬೇಕು ಎಂದೂ ಸೇರಿಸಿದೆ.

ಗೈಡ್ ಇದ್ದರೆ ಏನೂ ತಪ್ಪಾಗದಲ್ಲವೇ ಎಂದು ಮೇಷ್ಟ್ರು ಕೇಳಿದರು. ಗೈಡ್ ಬಳಸಿದರೂ ಸುಮಾರು ಒಂದು ಮಿ.ಮೀ. ಆಚೀಚೆ ಆಗಬಹುದು, ಅಂತರವನ್ನು ಧಾರಾಳವಾಗಿ ಬಿಡುವುದು ಅದಕ್ಕೇ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಪಕ್ಕದ ಹಲ್ಲಿನ ಆಸರೆಯಲ್ಲಿ ಕೂರುವ ಬ್ರಿಡ್ಜ್, ತೆಗೆದಿಡುವ ಸೆಟ್, ಏನೂ ಮಾಡಿಸದೆ ಇರುವುದು — ಇವೂ ಅವರ ಮುಂದಿರುವ ದಾರಿಗಳೇ ಎಂದು ತಿಳಿಸಿದೆ. ಸ್ಕ್ಯಾನ್‌ನ ವರದಿ ಮಾತ್ರವಲ್ಲ, ಮೂಲ ಫೈಲುಗಳ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಪಡೆದುಕೊಳ್ಳಿ, ಬೇಕಾದರೆ ಇನ್ನೊಬ್ಬ ವೈದ್ಯರಿಗೆ ತೋರಿಸಿ ಎಂದೆ. ಎರಡನೆಯ ಅಭಿಪ್ರಾಯಕ್ಕಾಗಿ ಮತ್ತೊಮ್ಮೆ ವಿಕಿರಣಕ್ಕೆ ಒಡ್ಡಿಕೊಳ್ಳುವ ಅಗತ್ಯವಿಲ್ಲ. ಸ್ಕ್ಯಾನ್, ಗೈಡ್, ಇಂಪ್ಲಾಂಟ್, ಕ್ಯಾಪ್ — ಪ್ರತಿಯೊಂದಕ್ಕೂ ಎಷ್ಟೆಂದು ಬಿಡಿಸಿ ಬರೆಸಿಕೊಂಡು ಹೋದರು.

ಮೂರೂವರೆ ತಿಂಗಳಿಗೆ ಬಂದಾಗ ಎಚ್‌ಬಿಎ1ಸಿ 7.1ಕ್ಕೆ ಇಳಿದಿತ್ತು. ಹೊಗೆಸೊಪ್ಪು ಬಿಟ್ಟಿದ್ದರು, ಅಡಿಕೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಅದನ್ನು ಮುಚ್ಚಿಡಲಿಲ್ಲ. ವಾರದ ನಂತರ ಇಂಪ್ಲಾಂಟ್ ಹಾಕಿದರು. ಮೂಳೆ ಬೆಸೆದು ಕ್ಯಾಪ್ ಕೂರಿಸಲು ಇನ್ನೂ ಸುಮಾರು ಮೂರು ತಿಂಗಳಿದೆ. ಇಂಜೆಕ್ಷನ್ನಿನ ಜೋಮು ಇಳಿದ ಮೇಲೆ ಫೋನ್ ಮಾಡಿ ಎಂದು ಹೇಳಿ ಕಳಿಸಿದ್ದೆ. ಸಂಜೆ ಏಳಕ್ಕೆ ಕರೆ ಬಂತು. ಬೇಸಿನ್ನಿನ ಕನ್ನಡಿಯ ಮುಂದೆ ನಿಂತು ಹತ್ತಿಯ ಎಳೆಯಿಂದ ತುಟಿಯ ಎಡಬದಿ, ಬಲಬದಿ ಮುಟ್ಟಿ ನೋಡಿಕೊಂಡಿದ್ದರಂತೆ. ‘ಎರಡೂ ಕಡೆ ಒಂದೇ ಸಮ ಗೊತ್ತಾಗುತ್ತಿದೆಯಮ್ಮ’ ಎಂದರು.