ಪ್ರಯೋಗಾಲಯ ವಿಜ್ಞಾನದ ಪದವಿ: ಓದು, ಉದ್ಯೋಗ, ಮುಂದಿನ ದಾರಿ

ಪ್ರಶ್ನೆ: ವೈದ್ಯಕೀಯ ಪದವಿಗೆ ಸೀಟು ಸಿಗದ ಕಾರಣ ಕ್ಲಿನಿಕಲ್ ಲ್ಯಾಬೊರೇಟರಿ ಸೈನ್ಸ್ ಪದವಿಗೆ ಸೇರಬೇಕೆಂದಿದ್ದೇನೆ. ‘ರಕ್ತ ತೆಗೆದು ಯಂತ್ರಕ್ಕೆ ಹಾಕುವ ಕೆಲಸಕ್ಕೆ ಪದವಿ ಏಕೆ, ಡಿಪ್ಲೊಮಾ ಸಾಲದೇ?’ ಎಂದು ಮನೆಯವರು ಕೇಳುತ್ತಾರೆ. ಈ ಪದವಿಯಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ?

ಉತ್ತರ: ಮನೆಯವರ ಪ್ರಶ್ನೆ ಸಹಜವಾದದ್ದೇ. ರೋಗಿಯ ಕಣ್ಣಿಗೆ ಬೀಳುವುದು ಮೊದಲಿನ ಸೂಜಿ ಮತ್ತು ಕೊನೆಯ ವರದಿ ಮಾತ್ರ. ನಡುವೆ ನಡೆಯುವ ಕೆಲಸವನ್ನು ಹೊರಗಿನವರು ನೋಡಿರುವುದಿಲ್ಲ. ಪರೀಕ್ಷೆಯನ್ನು ಮಾಡುವ ಬಗೆಯನ್ನು ಡಿಪ್ಲೊಮಾ ಚೆನ್ನಾಗಿಯೇ ಕಲಿಸುತ್ತದೆ. ಬಂದ ಫಲಿತಾಂಶವನ್ನು ನಂಬಬಹುದೇ, ನಂಬಲಾಗದಿದ್ದರೆ ತಪ್ಪು ಎಲ್ಲಿ ಆಗಿರಬಹುದು ಎಂದು ತೀರ್ಮಾನಿಸುವ ಹೊಣೆಗೆ ಪದವಿಯ ಓದು ವಿದ್ಯಾರ್ಥಿಯನ್ನು ಸಜ್ಜುಗೊಳಿಸುತ್ತದೆ.

ಒಂದು ಉದಾಹರಣೆ ನೋಡಿ. ರೋಗಿಯೊಬ್ಬರ ಪೊಟ್ಯಾಸಿಯಂ ಲೀಟರಿಗೆ 7.8 ಮಿಲಿಮೋಲ್ ಎಂದು ಯಂತ್ರ ತೋರಿಸಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನಲ್ಲಿರಬೇಕು; ಇಷ್ಟು ಏರಿದರೆ ಹೃದಯದ ಬಡಿತ ಲಯ ತಪ್ಪುವ ಅಪಾಯವಿದೆ. ಆದರೆ ಅದೇ ಮಾದರಿಯಲ್ಲಿ ಕ್ಯಾಲ್ಸಿಯಂ ನಂಬಲಾಗದಷ್ಟು ಕಡಿಮೆ ಬಂದಿದೆ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವೂ ತಗ್ಗಿದೆ. ಈ ಮೂರನ್ನೂ ಒಟ್ಟಿಗೆ ಕಂಡ ಕೂಡಲೇ ಓದಿಕೊಂಡವರಿಗೆ ಅನುಮಾನ ಮೂಡುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಪೊಟ್ಯಾಸಿಯಂ ಲವಣದ ರೂಪದಲ್ಲಿರುತ್ತದೆ. ಅದು ಕ್ಯಾಲ್ಸಿಯಮನ್ನು ಹಿಡಿದಿಡುತ್ತದೆ, ಆ ಕಿಣ್ವಕ್ಕೆ ಬೇಕಾದ ಸತುವನ್ನೂ ಮೆಗ್ನೀಸಿಯಮನ್ನೂ ಕಸಿದುಕೊಳ್ಳುತ್ತದೆ. ಈ ಪರೀಕ್ಷೆಗಳಿಗೆ ಬಳಸುವ, ಇಡಿಟಿಎ ಇಲ್ಲದ ಸೀರಂ ಟ್ಯೂಬಿನಲ್ಲಿ ರಕ್ತ ಸಾಲದಾದಾಗ ಯಾರೋ ನೇರಳೆ ಟ್ಯೂಬಿನಿಂದ ಸ್ವಲ್ಪ ಸುರಿದಿರಬೇಕು. ಆಗ ಮಾಡಬೇಕಾದದ್ದು ವರದಿಯನ್ನು ತಡೆಹಿಡಿದು, ವಾರ್ಡಿಗೆ ಫೋನ್ ಮಾಡಿ, ಹೊಸ ಮಾದರಿಯನ್ನು ತುರ್ತಾಗಿ ತರಿಸುವುದು. ಹಾಗೆ ಮಾಡದೆ ಹೋದರೆ ಪೊಟ್ಯಾಸಿಯಂ ಸರಿಯಾಗಿಯೇ ಇರುವ ವ್ಯಕ್ತಿಗೆ ಅದನ್ನು ಇಳಿಸುವ ಔಷಧ ಕೊಟ್ಟುಬಿಡಬಹುದು. ಮನೆಯವರಿಗೆ ಈ ಒಂದು ಉದಾಹರಣೆಯನ್ನು ವಿವರಿಸಿ ಹೇಳಿದರೆ ಸಾಕು ಎಂದು ನನಗನ್ನಿಸುತ್ತದೆ.

ಇಂಥ ತೀರ್ಮಾನಕ್ಕೆ ಬೇಕಾದ ತಳಹದಿಯಾಗಿ ಅಂಗರಚನೆ, ಶರೀರಕ್ರಿಯೆ ಮತ್ತು ಜೀವರಸಾಯನ ವಿಜ್ಞಾನಗಳನ್ನು ಮೊದಲಿಗೆ ಓದಬೇಕಾಗುತ್ತದೆ. ಆಮೇಲೆ ರಕ್ತಶಾಸ್ತ್ರ, ಸೂಕ್ಷ್ಮಜೀವಿ ವಿಜ್ಞಾನ, ರೋಗನಿರೋಧ ವಿಜ್ಞಾನ, ರಕ್ತನಿಧಿಯ ಕೆಲಸ, ಅಂಗಾಂಶ ಪರೀಕ್ಷೆ, ಡಿಎನ್ಎ, ಆರ್‌ಎನ್ಎಗಳನ್ನು ಪರೀಕ್ಷಿಸುವ ಆಣ್ವಿಕ ಪರೀಕ್ಷೆಗಳು ಬರುತ್ತವೆ. ಕೊನೆಯ ಹಂತದಲ್ಲಿ ಆಸ್ಪತ್ರೆಯ ಲ್ಯಾಬಿನ ಪ್ರತಿ ವಿಭಾಗದಲ್ಲೂ ಸರದಿಯಂತೆ ತರಬೇತಿ ಇರುತ್ತದೆ. ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಬಣ್ಣ ಹಾಕುವ ವಿಧಾನವನ್ನು ವಿದ್ಯಾರ್ಥಿಗಳು ಇಂದಿಗೂ ಕೈಯಾರೆ ಮಾಡಿ ಕಲಿಯುತ್ತಾರೆ. ಸ್ಲೈಡನ್ನು ಆಲ್ಕೋಹಾಲಿನಲ್ಲಿ ಕೆಲವು ಕ್ಷಣ ಹೆಚ್ಚು ತೊಳೆದರೂ ನೇರಳೆಯಾಗಿ ಕಾಣಬೇಕಾದ ಬ್ಯಾಕ್ಟೀರಿಯಾ ಗುಲಾಬಿಯಾಗಿ ಕಾಣಿಸಿ, ಗುರುತಿಸುವಿಕೆಯೇ ದಾರಿ ತಪ್ಪುತ್ತದೆ. ಕೈಗೆ ಬರಬೇಕಾದ ಈ ಹದವನ್ನು ಪುಸ್ತಕವೊಂದೇ ಕೊಡಲಾರದು.

ಒಂದು ಮಾತನ್ನು ಸೇರಿಸಬೇಕು. ವೈದ್ಯರಾಗಲಿಲ್ಲ ಎಂಬ ಬೇಸರವನ್ನು ಮರೆಯಲೆಂದಷ್ಟೇ ಈ ಪದವಿಗೆ ಸೇರಬೇಡಿ. ಇಲ್ಲಿ ರೋಗಿಯೊಡನೆ ಒಡನಾಟ ಕಡಿಮೆ, ಚಿಕಿತ್ಸೆಯ ನಿರ್ಧಾರ ನಿಮ್ಮದಲ್ಲ. ಸೂಕ್ಷ್ಮದರ್ಶಕದ ಮುಂದೆ ತಾಳ್ಮೆಯಿಂದ ಕೂರುವುದು, ಅಂಕಿಗಳ ಹಿಂದಿನ ಕಾರಣವನ್ನು ಹುಡುಕುವುದು ನಿಮಗೆ ಇಷ್ಟವೇ ಎಂದು ಮೊದಲು ಯೋಚಿಸಿ. ಸಾಧ್ಯವಾದರೆ ಲ್ಯಾಬೊಂದಕ್ಕೆ ಅನುಮತಿ ಪಡೆದು ಹೋಗಿ, ಕೆಲಸವನ್ನು ಕಣ್ಣಾರೆ ನೋಡಿ ಬನ್ನಿ.

ಪ್ರಶ್ನೆ: ಈಗ ದೊಡ್ಡ ಲ್ಯಾಬುಗಳಲ್ಲಿ ಎಲ್ಲವನ್ನೂ ಯಂತ್ರಗಳೇ ಮಾಡುತ್ತವೆ. ನನ್ನ ಓದು ಮುಗಿಯುವ ಹೊತ್ತಿಗೆ ಕೆಲಸ ಉಳಿದಿರುತ್ತದೆಯೇ?

ಉತ್ತರ: ಯಂತ್ರ ಲ್ಯಾಬಿಗೆ ಹೊಸದೇನೂ ಅಲ್ಲ. ರಕ್ತಕಣಗಳನ್ನು ಎಣಿಸುವ ಯಂತ್ರಕ್ಕೆ ವಾಲೇಸ್ ಕೋಲ್ಟರ್ ಪೇಟೆಂಟ್ ಪಡೆದದ್ದು 1953ರಲ್ಲಿ. ಅದಾದ ಮೇಲೆ ಕಣ ಎಣಿಸುತ್ತ ಕೂರುವ ಕೆಲಸ ಬಹುಮಟ್ಟಿಗೆ ಹೋಯಿತು, ನಿಜ. ಆದರೆ ಯಂತ್ರ ಕೊಟ್ಟ ಎಣಿಕೆಯನ್ನು ಒರೆಗೆ ಹಚ್ಚುವ ಕೆಲಸ ಬೆಳೆಯಿತು. ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದಾಗ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಆ ಗುಂಪನ್ನು ಯಂತ್ರವು ಪ್ಲೇಟ್‌ಲೆಟ್ ಎಂದು ಲೆಕ್ಕಕ್ಕೆ ಹಿಡಿಯದ ಕಾರಣ, ಲಕ್ಷಗಳಲ್ಲಿರಬೇಕಾದ ಸಂಖ್ಯೆ ಕೆಲವು ಸಾವಿರಕ್ಕೆ ಇಳಿದಂತೆ ತೋರುತ್ತದೆ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದರೆ ಗುಂಪುಗಳು ಕಾಣುತ್ತವೆ. ಸೋಡಿಯಂ ಸಿಟ್ರೇಟ್ ಇರುವ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಎಣಿಸಿದರೆ ಹೆಚ್ಚಿನವರಲ್ಲಿ ಸರಿಯಾದ ಸಂಖ್ಯೆ ಸಿಗುತ್ತದೆ. ಈಚಿನ ಯಂತ್ರಗಳು ಎಚ್ಚರಿಕೆಯ ಸೂಚನೆ ಕೊಡುವುದುಂಟು, ಆದರೆ ಸ್ಲೈಡ್ ನೋಡಿ ತೀರ್ಮಾನಿಸುವವರು ಬೇಕೇ ಬೇಕು.

ಹಳೆಯ ಕೆಲಸ ಕರಗುತ್ತಿರುವಂತೆಯೇ ಹೊಸದು ಹುಟ್ಟುತ್ತಲೂ ಇದೆ. ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದ, ಡಿಎನ್ಎಯ ತುಣುಕನ್ನು ಅಸಂಖ್ಯ ಪ್ರತಿಗಳಾಗಿ ಹೆಚ್ಚಿಸುವ ಪಿಸಿಆರ್ ವಿಧಾನದಿಂದ ಆಣ್ವಿಕ ಪರೀಕ್ಷೆ ಎಂಬ ದೊಡ್ಡ ವಿಭಾಗವೇ ಬೆಳೆಯಿತು. ಕೋವಿಡ್ ಕಾಲದಲ್ಲಿ ಅದರ ಹೆಸರು ಎಲ್ಲರ ಬಾಯಿಗೂ ಬಂತು. ಆದ್ದರಿಂದ ಮಾದರಿ ಹಾಕಿ ಗುಂಡಿ ಒತ್ತುವುದನ್ನಷ್ಟೇ ಬಲ್ಲವರಿಗೆ ಆತಂಕ ಇರುವುದು ಸಹಜ. ಗುಣಮಟ್ಟ ನಿಯಂತ್ರಣ, ಸಂಖ್ಯಾಶಾಸ್ತ್ರ, ಆಣ್ವಿಕ ತಂತ್ರಗಳು ಮತ್ತು ಲ್ಯಾಬಿನ ಮಾಹಿತಿ ವ್ಯವಸ್ಥೆಗಳ ಮೇಲೆ ಹಿಡಿತ ಇರುವವರಿಗೆ ಅವಕಾಶ ಕಡಿಮೆಯಾಗುವ ಲಕ್ಷಣ ನನಗೆ ಕಾಣುತ್ತಿಲ್ಲ.

ಪ್ರಶ್ನೆ: ಆಸ್ಪತ್ರೆಯನ್ನು ಬಿಟ್ಟರೆ ಬೇರೆಲ್ಲಿ ಕೆಲಸ ಸಿಗುತ್ತದೆ? ವಿದೇಶದಲ್ಲಿ ಈ ಪದವಿಗೆ ಮಾನ್ಯತೆ ಇದೆಯೇ?

ಉತ್ತರ: ರಕ್ತನಿಧಿ, ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ, ಔಷಧ ಸಂಶೋಧನೆ, ಪರೀಕ್ಷಾ ಕಿಟ್ ಮತ್ತು ಯಂತ್ರಗಳನ್ನು ತಯಾರಿಸುವ ಕಂಪನಿಗಳು, ಬೋಧನೆ ಇವೆಲ್ಲ ತೆರೆದಿವೆ. ವೈದ್ಯಕೀಯ ಲ್ಯಾಬುಗಳ ಗುಣಮಟ್ಟಕ್ಕೆಂದೇ ಐಎಸ್ಒ 15189 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರಲ್ಲಿ ಪಳಗಿದವರು ಗುಣಮಟ್ಟ ವ್ಯವಸ್ಥಾಪಕರಾಗಿಯೂ ಮುಂದುವರಿಯಬಹುದು. ಸ್ನಾತಕೋತ್ತರ ಪದವಿ ಮಾಡುವುದಾದರೆ ಒಂದೆರಡು ವರ್ಷ ಕೆಲಸ ಮಾಡಿ, ಯಾವ ವಿಭಾಗ ಮನಸ್ಸಿಗೆ ಒಗ್ಗುತ್ತದೆ ಎಂದು ತಿಳಿದ ಮೇಲೆ ಆರಿಸಿಕೊಳ್ಳುವುದು ಲೇಸು.

ವಿದೇಶದ ಮಟ್ಟಿಗೆ ಪದವಿಯೊಂದೇ ಸಾಲದು. ಬ್ರಿಟನ್ನಿನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಎಂದು ಕೆಲಸ ಮಾಡಲು ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಣಿ ಕಡ್ಡಾಯ. ಅಮೆರಿಕದಲ್ಲಿ ಎಎಸ್‌ಸಿಪಿ ಎಂಬ ವೃತ್ತಿಪರ ಸಂಸ್ಥೆಯ ಪ್ರಮಾಣಪತ್ರವನ್ನು ಹಲವು ಉದ್ಯೋಗದಾತರು ಕೇಳುತ್ತಾರೆ. ಕೆಲವು ರಾಜ್ಯಗಳಲ್ಲಿ ಪ್ರತ್ಯೇಕ ಪರವಾನಗಿಯೂ ಬೇಕು.

ಕಷ್ಟಗಳನ್ನೂ ತಿಳಿದುಕೊಂಡಿರಿ. ಆಸ್ಪತ್ರೆಯ ಲ್ಯಾಬು ರಾತ್ರಿಯೂ ನಡೆಯುವುದರಿಂದ ಪಾಳಿ ತಪ್ಪುವುದಿಲ್ಲ. ಸೋಂಕಿನ ಅಪಾಯವಿರುವುದರಿಂದ ತರಬೇತಿಗೆ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬೇಕು. ಸೇರುವ ಮುನ್ನ ಆ ಕೋರ್ಸಿಗೆ ಸಂಬಂಧಪಟ್ಟ ವೃತ್ತಿಪರ ಮಂಡಳಿಯ ಮಾನ್ಯತೆ ಇದೆಯೇ, ತರಬೇತಿ ಕೊಡುವ ಆಸ್ಪತ್ರೆಯಲ್ಲಿ ಸೂಕ್ಷ್ಮಜೀವಿ ವಿಭಾಗ ಮತ್ತು ರಕ್ತನಿಧಿ ಎರಡೂ ಇವೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.