ಎಲ್ಲರೂ ಒಟ್ಟಿಗೆ ಯಾಕೆ ಕಿರುಚುತ್ತಾರೆ ಅಂದಿರಲ್ಲ

ನಮಸ್ಕಾರ ಸ್ವಾಮಿ. ನಾವು ಹೊಗಳಿದ್ದೇವೆ ಅಂತ 1940ರ ಹಾಲಿವುಡ್ ಸಿನಿಮಾ ‘ಹಿಸ್ ಗರ್ಲ್ ಫ್ರೈಡೇ’ ನೋಡಿ ತಲೆನೋವು ತರಿಸಿಕೊಂಡಿದ್ದೀರಿ. ನಾಟಕಕ್ಕೆ ಕ್ಯಾಮೆರಾ ಇಟ್ಟಂತಿದೆ, ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ, ನೇಣಿಗೆ ಹೋಗುವವನನ್ನು ಇಟ್ಟುಕೊಂಡು ನಗಿಸುವುದು ಯಾವ ಸೀಮೆ ಹಾಸ್ಯ ಅಂತ ನಿಮ್ಮ ಪ್ರಶ್ನೆ.

ಮೂಲ ನಾಟಕವೇ, ಹೌದು. 1928ರ ‘ದಿ ಫ್ರಂಟ್ ಪೇಜ್’. ಬರೆದ ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್ ಇಬ್ಬರೂ ಶಿಕಾಗೊದಲ್ಲಿ ವರದಿಗಾರರಾಗಿದ್ದವರು, ಕೋರ್ಟಿನ ಪ್ರೆಸ್ ರೂಮಿನ ಇಸ್ಪೀಟು, ಪೋಲಿ ಮಾತು, ಸುಳ್ಳು ಸುದ್ದಿ ಎಲ್ಲ ಕಂಡುಂಡವರು. 1931ರಲ್ಲೇ ಒಮ್ಮೆ ಸಿನಿಮಾ ಆಗಿತ್ತು. ಅದರಲ್ಲೂ ವರದಿಗಾರ ಹಿಲ್ಡಿ ಗಂಡಸೇ. ನಿರ್ದೇಶಕ ಹೊವಾರ್ಡ್ ಹಾಕ್ಸ್ ಹಿಲ್ಡಿಯನ್ನು ಹೆಣ್ಣು ಮಾಡಿದ, ಸಾಲದು ಅಂತ ಸಂಪಾದಕ ವಾಲ್ಟರ್‌ನಿಂದ ಡೈವೋರ್ಸ್ ಪಡೆದವಳನ್ನಾಗಿಯೂ ಮಾಡಿದ. ಒಳ್ಳೆ ವರದಿಗಾರ್ತಿ ಕೆಲಸ ಬಿಡಬಾರದು ಅನ್ನೋ ಹಟವೂ, ಹೆಂಡತಿ ಇನ್ನೊಬ್ಬನ ಕೈ ಹಿಡಿಯಬಾರದು ಅನ್ನೋ ಹೊಟ್ಟೆಕಿಚ್ಚೂ ಒಂದರೊಳಗೊಂದು ಸೇರಿಬಿಟ್ಟಿತು. ವಾಲ್ಟರ್ ಆಗಿರುವ ಕ್ಯಾರಿ ಗ್ರಾಂಟ್ ಫೋನಿನಲ್ಲಿ ಅರಚುವಾಗ ಪೇಪರ್‌ಗಾಗಿ ಅರಚುತ್ತಿದ್ದಾನೋ ಅವಳಿಗಾಗಿಯೋ ಗೊತ್ತಾಗಲ್ಲ. ಅವನಿಗೂ ಗೊತ್ತಿಲ್ಲ ಅಂತ ನನಗೆ ಗುಮಾನಿ.

ಗಲಾಟೆ ಬೇಕಂತಲೇ ಮಾಡಿದ್ದು. ಮಾತಿನ ಹಿಂದೆ ಮುಂದೆ ಲೆಕ್ಕಕ್ಕಿಲ್ಲದ ನಾಲ್ಕು ಪದ ಸೇರಿಸಿಟ್ಟರೆ, ಅದರ ಮೇಲೆ ಇನ್ನೊಬ್ಬರು ಬಾಯಿ ಹಾಕಿದರೂ ಮುಖ್ಯ ಮಾತು ಕೇಳುತ್ತದೆ. ಹಾಕ್ಸ್ ಹಾಗೆ ಬರೆಸಿದ, ಜಾಸ್ತಿ ಮೈಕ್ ಇಡಿಸಿದ. ಇದನ್ನು ಸಬ್‌ಟೈಟಲ್ ಓದುತ್ತಾ ನೋಡಿದರೆ ತಲೆನೋವು ಬರದೆ ಇನ್ನೇನು!

ಕೊನೆಯ ಕಡೆಯ ಒಂದು ಸೀನ್ ಮತ್ತೆ ನೋಡಿ. ನೇಣಿಗೆ ಹೋಗಬೇಕಿದ್ದು ತಪ್ಪಿಸಿಕೊಂಡ ಕೈದಿ ಮೇಜಿನ ಮುಚ್ಚಳದೊಳಗೆ ಮುದುರಿಕೊಂಡಿದ್ದಾನೆ. ಹಿಲ್ಡಿ, ಅಂದರೆ ರೋಸಲಿಂಡ್ ರಸೆಲ್, ತಲೆ ಎತ್ತದೆ ಟೈಪ್ ಕುಟ್ಟುತ್ತಿದ್ದಾಳೆ. ವಾಲ್ಟರ್ ಫೋನಿನಲ್ಲಿ ಮುಖಪುಟ ಖಾಲಿ ಮಾಡಿಸುತ್ತಿದ್ದಾನೆ: ಹಿಟ್ಲರ್‌ನನ್ನು ಕಾಮಿಕ್ಸ್ ಪುಟಕ್ಕೆ ಹಾಕಿ, ಹುಂಜದ ಸುದ್ದಿ ಮಾತ್ರ ಮುಟ್ಟಬೇಡಿ. (ಸಂಪಾದಕರ ಈ ಕುರ್ಚಿಯಲ್ಲಿ ಕೂತವರಿಗೆ ಇದು ನಗುವ ವಿಷಯವೇ ಅಲ್ಲ.) ನಡುವೆ ನಿಂತು ‘ಒಂಬತ್ತರ ರೈಲಿಗೆ ಹೋಗೋಣ ಬಾ’ ಅಂತ ಗೋಗರೆಯುವ ಪಾಪದ ಬ್ರೂಸ್, ಅವಳು ಮದುವೆಯಾಗಬೇಕಾದ ಇನ್ಶೂರೆನ್ಸ್ ಮನುಷ್ಯ. ಅವಳು ಏನೋ ಉತ್ತರ ಕೊಡುತ್ತಾಳೆ, ಏನು ಕೊಟ್ಟೆ ಅಂತ ಅವಳಿಗೇ ಗೊತ್ತಿಲ್ಲ. ಅವನು ಹೋದಮೇಲೆ, ಬ್ರೂಸ್ ಎಲ್ಲಿ ಅಂತ ಕೇಳುತ್ತಾಳೆ. ಅವಳು ಯಾರಿಗೆ ಸೇರಿದವಳು ಅನ್ನೋದು ಅಲ್ಲೇ ತೀರ್ಮಾನವಾಯಿತು, ಪ್ರೀತಿ ಗೀತಿ ಅಂತ ಒಂದು ಮಾತೂ ಇಲ್ಲದೆ. ಬರೀ ನಾಟಕಕ್ಕೆ ಕ್ಯಾಮೆರಾ ಇಟ್ಟಿದ್ದರೆ ಇದು ಬರುತ್ತಿರಲಿಲ್ಲ, ಅಲ್ವಾ?

ಇನ್ನು ನೇಣಿನ ವಿಷಯ. ಕೈದಿಯ ಮೇಲೆ ಕರುಣೆ ಇರುವ ಮಾಲಿ ಅನ್ನುವ ಹೆಣ್ಣುಮಗಳು ಕಿಟಕಿಯಿಂದ ಹಾರುವಾಗ ಯಾರಿಗೂ ನಗು ಬರಲ್ಲ, ಬರಲಿ ಅಂತ ಇಟ್ಟಿದ್ದೂ ಅಲ್ಲ. ನಗಿಸುವುದು ಚುನಾವಣೆಗೆ ಮುಂಚೆ ಒಬ್ಬನನ್ನು ನೇತುಹಾಕಿ ವೋಟು ಬಾಚಲು ಹೊರಟ ಮೇಯರ್, ಶೆರಿಫ್. ನೇಣು ತಡೆಯಲು ಗವರ್ನರ್ ಕಳಿಸಿದ ಕಾಗದ ತಂದವನಿಗೇ ನೌಕರಿ ಆಸೆ ತೋರಿಸಿ ಸಾಗಹಾಕುತ್ತಾರಲ್ಲ, ಅದಕ್ಕೆ ನಗದೆ ಇರಲು ನನ್ನ ಕೈಲಾಗಲಿಲ್ಲ.

ಅಂದಹಾಗೆ, ಈ ಚಿತ್ರದ ಕಾಪಿರೈಟನ್ನು ಯಾರೂ ನವೀಕರಿಸಲಿಲ್ಲ. ಹಾಗಾಗಿ ಪುಕ್ಕಟೆ ಪ್ರಿಂಟುಗಳು ಬೇಕಾದಷ್ಟಿವೆ, ಎಷ್ಟೋ ಪ್ರಿಂಟುಗಳ ಶಬ್ದ ಕೆಟ್ಟುಕೂತಿದೆ. ನೀವು ನೋಡಿದ್ದು ಅಂಥದ್ದೇ ಇದ್ದರೆ, ರಿಪೇರಿ ಮಾಡಿದ ಒಳ್ಳೆ ಪ್ರಿಂಟ್ ಹುಡುಕಿ ಮೊದಲ ಇಪ್ಪತ್ತು ನಿಮಿಷ ನೋಡಿ. ಆಮೇಲೂ ಬೈಯಬೇಕು ಅನ್ನಿಸಿದರೆ ಬರೆಯಿರಿ, ಅಚ್ಚು ಹಾಕುತ್ತೇವೆ.