“ಅಜ್ಜಿ ಇದ್ದಿದ್ದರೆ” ಎಂಬ ಜಗಳ

ಧಾರವಾಡ ಕಡೆಯ ಒಂದು ಊರು. ಅಲ್ಲೊಂದು ರೊಟ್ಟಿ ಊಟದ ಖಾನಾವಳಿ. ಅದನ್ನು ಕಟ್ಟಿ ಬೆಳೆಸಿದ ಅಜ್ಜಿ ತೀರಿಕೊಂಡು ಎಂಟು ತಿಂಗಳಾದ ಮೇಲೆ ಮೊಮ್ಮಗಳು ಆಪ್ತಸಲಹೆಗೆ ನನ್ನ ಬಳಿ ಬಂದರು. ಸುಧಾ ಎಂದು ಕರೆಯೋಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನಿದ್ದೆ ಬರುವುದಿಲ್ಲ ಎಂದು ಬಂದವರು ಹೆಚ್ಚು ಹೇಳಿದ್ದು ರೊಟ್ಟಿ ಮಷೀನಿನ ಬಗ್ಗೆ. ರೊಟ್ಟಿ ಬಡಿಯುವ ಹೆಂಗಸರು ಸಿಗುತ್ತಿಲ್ಲ, ಮಷೀನು ತರೋಣ ಅನ್ನುವುದು ಕಾಕಾನ ಹಟ. “ಅಜ್ಜಿ ಇದ್ದಿದ್ರ ಅದನ್ನ ಹೊಸ್ತಿಲ ದಾಟಾಕ ಬಿಡ್ತಿದ್ದಿಲ್ಲ ಮೇಡಂ” ಎಂದರು ಸುಧಾ. ಕಾಕಾ ಹೇಳುವುದೂ ಅದೇ ಮಾತು: “ಅವ್ವ ಇದ್ದಿದ್ರ ಹಿಂಗ ಲುಕ್ಸಾನ ಮಾಡ್ಕೊಂಡು ಕುಂದರ್ತಿದ್ದಿಲ್ಲ.” ಊಟದ ರೇಟು, ಉದ್ರಿ ಖಾತೆ, ವಾರದ ರಜೆ, ಯಾವ ಮಾತು ಬಂದರೂ ಇಬ್ಬರೂ ಅಜ್ಜಿಯನ್ನೇ ಸಾಕ್ಷಿಗೆ ಎಳೆಯುತ್ತಿದ್ದರು. ಪಾಪ, ಅಜ್ಜಿ ಬಂದು “ನಾ ಹಂಗ ಅಂದಿಲ್ಲ” ಅನ್ನಲು ಆಗುವುದಿಲ್ಲ, ಅಲ್ವಾ?

ಸುಧಾಗೆ ಅಪ್ಪ ಇಲ್ಲ. ಬೆಳೆದದ್ದು ಅಜ್ಜಿಯ ಕೈಯಲ್ಲಿ, ಗಲ್ಲಾದ ಪಕ್ಕದಲ್ಲೇ. ಈಗ ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡುವುದಿಲ್ಲ, ತಾವೂ ನಿಂತೇ ದುಡ್ಡು ಎಣಿಸುತ್ತಾರೆ. ಕ್ಯೂಆರ್ ಕೋಡ್ ಇನ್ನೂ ಅಜ್ಜಿಯ ಬ್ಯಾಂಕ್ ಖಾತೆಯದು. ದುಡ್ಡು ಹಾಕುವವರ ಫೋನಿನಲ್ಲಿ ಅಜ್ಜಿಯ ಹೆಸರು ಬರುತ್ತದೆ. ಅದೊಂದು ಸಮಾಧಾನ ಅವರಿಗೆ. ಬ್ಯಾಂಕಿಗೆ ಸಾವಿನ ಸುದ್ದಿ ಯಾರೂ ತಿಳಿಸಿರಲಿಲ್ಲ.

“ನಾ ಎಷ್ಟನೇ ಹಂತದಾಗ ಅದೀನಿ?” ಎಂದೂ ಕೇಳಿದರು. ದುಃಖಕ್ಕೆ ಐದು ಹಂತ ಎಂದು ಮೊಬೈಲಿನಲ್ಲಿ ನೋಡಿದ್ದರಂತೆ. ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು ಮಾತಾಡಿಸಿ. ತಮ್ಮವರನ್ನು ಕಳೆದುಕೊಂಡವರು ಒಂದೊಂದೇ ಹತ್ತಿ ಮುಗಿಸಬೇಕಾದ ಮೆಟ್ಟಿಲು ಅವಲ್ಲ. ನನಗೆ ಹೆಚ್ಚು ಕೆಲಸಕ್ಕೆ ಬರುವುದು ನೆದರ್ಲೆಂಡ್ಸ್‌ನ ಸಂಶೋಧಕರಾದ ಸ್ಟ್ರೋಬ ಮತ್ತು ಶುಟ್ 1999ರಲ್ಲಿ ಹೇಳಿದ ಮಾತು. ಮನುಷ್ಯ ಸ್ವಲ್ಪ ಹೊತ್ತು ಅಳುತ್ತಾನೆ, ಸ್ವಲ್ಪ ಹೊತ್ತು ಮುಂದಿನ ಕೆಲಸ ನೋಡುತ್ತಾನೆ, ಮತ್ತೆ ಅಳುತ್ತಾನೆ. ಹೀಗೆ ಅತ್ತಿತ್ತ ಹೋಗಿಬರುವುದೇ ಆರೋಗ್ಯ. ಸುಧಾಗೆ ಆ ಕಡೆ ಹೋಗಲು ಜಾಗವೇ ಇರಲಿಲ್ಲ. ಮುಂದಿನ ಕೆಲಸ ಎಂದರೂ ಅಜ್ಜಿಯ ಅಂಗಡಿ, ದುಃಖ ಎಂದರೂ ಅಜ್ಜಿಯ ಅಂಗಡಿ.

ಇದು ಕಾಯಿಲೆಯೋ ಎಂದೂ ನೋಡಬೇಕಿತ್ತು. ದೀರ್ಘಕಾಲದ ದುಃಖವನ್ನು ಸಮಸ್ಯೆ ಎಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಕನಿಷ್ಠ ಆರು ತಿಂಗಳು ಎನ್ನುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ 2022ರ ಪರಿಷ್ಕರಣೆಯಲ್ಲಿ ದೊಡ್ಡವರಿಗೆ ಒಂದು ವರ್ಷ ಇಟ್ಟಿದೆ. ಬರೀ ತಿಂಗಳು ಎಣಿಸಿದರೆ ಸಾಲದು, ದಿನದ ಬದುಕು ನಿಂತುಹೋಗಿದೆಯೇ ಎಂಬುದು ಮುಖ್ಯ. ಸುಧಾ ಉಣ್ಣುತ್ತಿದ್ದರು, ನಗುತ್ತಿದ್ದರು, ವ್ಯವಹಾರ ನಡೆಸುತ್ತಿದ್ದರು. ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ ಎಂದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಮೇಲೆ ಅಜ್ಜಿಯ ಬಗ್ಗೆ ಹೇಳಿ ಎಂದೆ. “ದೇವರಂಥಾಕಿ” ಎಂದು ಶುರುವಾಯಿತು. ಸಣ್ಣ ವಯಸ್ಸಿಗೆ ಗಂಡ ಹೋದ. ಮನೆಮನೆಗೆ ಡಜನ್ ಲೆಕ್ಕದಲ್ಲಿ ಕಟಕ ರೊಟ್ಟಿ, ಅಂದರೆ ಒಣಗಿದ ಗರಿಗರಿ ರೊಟ್ಟಿ, ಮಾಡಿಕೊಟ್ಟಳು. ಆಮೇಲೆ ಒಂದು ಖೋಲಿ ಹಿಡಿದು ಖಾನಾವಳಿ ತೆರೆದಳು. ದುಡ್ಡಿಲ್ಲದ ಕಾಲೇಜು ಹುಡುಗರಿಗೂ ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ ಬಡಿಸಿದಳು. ಎಲ್ಲ ನಿಜವೇ ಇರಬೇಕು. ಆದರೂ ನಾನು ಕೇಳಿದೆ: ಅಜ್ಜಿಯ ಮೇಲೆ ನಿಮಗೆ ಸಿಟ್ಟು ಬಂದದ್ದು ಯಾವಾಗ?

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕುಬಿಟ್ಟರು. ಉಳ್ಳಾಗಡ್ಡಿಯನ್ನೂ ಎಣಿಸಿಡುತ್ತಿದ್ದಳಂತೆ. ಗಿರಾಕಿಗಳ ಎದುರೇ ಬೈಯುತ್ತಿದ್ದಳಂತೆ. ಕಾಕಾಗೆ ಮಾತ್ರ ಗುಟ್ಟಾಗಿ ದುಡ್ಡು ಕೊಡುತ್ತಿದ್ದಳಂತೆ! ಹೀಗೆ ಹೇಳುತ್ತಾ ಒಂದು ಹಳೆಯ ಕಥೆ ನೆನಪಾಯಿತು. ಕಟ್ಟಿಗೆ ಒಲೆ ತೆಗೆದು ಗ್ಯಾಸ್ ತಂದಾಗ ಅಜ್ಜಿಯ ಅಕ್ಕನೇ “ಇದು ರೊಟ್ಟಿನ ಅಲ್ಲ” ಎಂದು ತಾಟು ಸರಿಸಿದ್ದಳು. ಅಜ್ಜಿ ಹೇಳಿದ್ದು ಇಷ್ಟೇ: “ಹೊಗಿ ಕುಡಿಯಾಕಿ ನಾ, ನೀ ಅಲ್ಲ.”

ಅದನ್ನು ಹೇಳಿ ಸುಧಾ ನನ್ನ ಮುಖ ನೋಡಿದರು. ನಾನು ವಿವರಿಸಲು ಹೋಗಲಿಲ್ಲ.

ಮುಂದಿನ ಭೇಟಿಗೆ ಕಾಕಾನೂ ಬಂದರು. ಇಬ್ಬರಿಗೂ ಒಂದೇ ಕಟ್ಟುಪಾಡು ಹಾಕಿದೆ. ವ್ಯವಹಾರದ ಮಾತಿನಲ್ಲಿ “ಅಜ್ಜಿ ಇದ್ದಿದ್ದರೆ” ಅನ್ನುವಂತಿಲ್ಲ. “ನನಗೆ ಬೇಕು, ನನಗೆ ಬೇಡ” ಎಂದೇ ಹೇಳಬೇಕು, ಕಾರಣ ಕೊಡಬೇಕು. ಆಗ ನಿಜವಾದ ಕಾರಣ ಹೊರಬಂತು. ಮಷೀನು ಬಂದರೆ ಅಜ್ಜಿಯ ಜೊತೆಗೇ ರೊಟ್ಟಿ ಬಡಿಯುತ್ತಿದ್ದ ಹಿರಿಯ ಹೆಂಗಸಿನ ಕೆಲಸ ಹೋಗುತ್ತದೆ ಎಂಬುದು ಸುಧಾರ ಚಿಂತೆ. ಕಾಕಾನ ಚಿಂತೆ ಪಾರ್ಸೆಲ್ ಆರ್ಡರು ಕೈತಪ್ಪುತ್ತಿರುವುದು. ಪಾರ್ಸೆಲ್ಲಿನ ಕಟಕ ರೊಟ್ಟಿಗೆ ಮಷೀನು, ತಾಟಿನ ಬಿಸಿ ರೊಟ್ಟಿಗೆ ಕೈ ಎಂದು ಅವರೇ ಮಾತಾಡಿಕೊಂಡರು.

ಕಾಗದಪತ್ರದ ವಿಷಯಕ್ಕೆ ವಕೀಲರ ಹತ್ತಿರ ಕಳಿಸಿದೆ. ಇದೂ ಸಲಹೆಯ ಭಾಗವೇ. ಆಹಾರ ಸುರಕ್ಷತಾ ಲೈಸೆನ್ಸ್ ಪಡೆದವರು ತೀರಿಕೊಂಡರೆ ಮನೆಯವರು ಅದರ ಮೇಲೆ 90 ದಿನ ನಡೆಸಬಹುದು. ಅಧಿಕಾರಿ ಅವಧಿ ಹೆಚ್ಚಿಸದಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಎಂಟು ತಿಂಗಳು ದಾಟಿತ್ತು. ಅಜ್ಜಿ ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಗಳು ಉಯಿಲಿಲ್ಲದೆ ಹೋದರೆ ಆಕೆಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಮೊದಲೇ ತೀರಿಹೋದ ಮಗನ ಪಾಲು ಅವನ ಮಕ್ಕಳಿಗೆ. ಅಂದರೆ ಕಾಕಾ, ಸುಧಾ ಇಬ್ಬರೇ ಅಲ್ಲ, ಬೇರೆ ಊರಲ್ಲಿರುವ ಸೋದರತ್ತೆಗೂ, ಅಂದರೆ ಅಜ್ಜಿಯ ಮಗಳಿಗೂ, ಪಾಲಿದೆ. ಈ ಎಂಟು ತಿಂಗಳಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ನೆನಪಿಗೆ ಬೇರೆ ಜಾಗ ಮಾಡಿ ಎಂದು ಸುಧಾಗೆ ಹೇಳಿದೆ. ಅಂಗಡಿ ಮುಚ್ಚಿದ ಮೇಲೆ ಆ ಹಿರಿಯ ಹೆಂಗಸಿನ ಬಾಯಲ್ಲಿ ಅಜ್ಜಿಯ ಕಥೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಬೈಗುಳವನ್ನೂ ಬಿಡಬೇಡಿ ಎಂದೆ. ಮಹಾಲಯ ಅಮಾವಾಸ್ಯೆಯ ಎಡೆಗೆ ಏನಿಡಲಿ ಎಂದು ಕೇಳಿದಾಗ ಅಜ್ಜಿಗೆ ಏನು ಇಷ್ಟವಿತ್ತು ಎಂದೆ. ಬೇಕರಿ ಬನ್ನು, ಚಹಾ ಅಂತೆ. ಅದನ್ನೇ ಇಟ್ಟರು.

ಕ್ಯೂಆರ್ ಈಗ ಹೊಸ ಖಾತೆಗೆ ಬದಲಾಗಿದೆ. ಬದಲಿಸಿದ ದಿನ ಸುಧಾ ಬಹಳ ಅತ್ತರು. ನಿದ್ದೆ ಸುಮಾರಾಗಿ ಬರುತ್ತಿದೆ. ಸೋದರತ್ತೆಗೆ ಫೋನ್ ಮಾಡಿದ್ದು ಸುಧಾ, ಕಾಕಾಗೆ ಅದು ಇಷ್ಟವಾಗಿಲ್ಲ. ಪಾಲಿನ ಮಾತು ಇನ್ನೂ ವಕೀಲರ ಮುಂದಿದೆ. ಈ ತಿಂಗಳು ಮೂವರೂ ಒಟ್ಟಿಗೆ ಬರುತ್ತೇವೆ ಎಂದಿದ್ದಾರೆ.